ಗುರುಸಂಗಪ್ಪನ ಸೆರೊಟೋನಿನ್

ಗುರುಸಂಗಪ್ಪ: ಶೀಟು ಖಾಲಿ ಐತಲ್ಲೇ! ಮೂವತ್ತು ಗುಳಿಗಿ ಎಲ್ಲಿ ಹೋದುವು?

ನಾಗಲಿಂಗಮ್ಮ: ಖಾಲಿ ಆದ್ರ ಚಲೋನಽ ಆತಲ್ರಿ. ಡಾಕ್ಟರಮ್ಮ ಖುಷಿ ಪಡ್ತಾರ.

ಗುರುಸಂಗಪ್ಪ: ಒಂದೂ ನಾನು ನುಂಗಿಲ್ಲಲೇ!

ಹರಪನಹಳ್ಳಿಯ ದವಾಖಾನೆಯ ಬೆಂಚಿನ ಮೇಲೆ ಮಾತು ಬಾಯಿ ಜಾರಿತು. ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪ ಎರಡು ತಿಂಗಳು ನಿದ್ದೆಗೆಟ್ಟು, ಹೋದ ತಿಂಗಳು ಡಾಕ್ಟರ್ ಅರ್ಚನಾ ಹತ್ತಿರ ಗುಳಿಗೆ ಬರೆಸಿಕೊಂಡಿದ್ದ. ಈಗ ಹೆಂಡತಿ ಜನ್ಮ ಜಾಲಾಡುತ್ತಾಳೆಂದು ಹೆದರಿದ. ಆಕೆ ಸೆರಗು ಸರಿಮಾಡಿಕೊಂಡಳು, ಅಷ್ಟೆ.

ನಾಗಲಿಂಗಮ್ಮ: ಯಾಕ ನುಂಗಲಿಲ್ಲ?

ಗುರುಸಂಗಪ್ಪ: ಸಿಟ್ಟು ಇಳಿದ್ರ ರೇಟು ಹೆಂಗ ಜಗ್ಗಾಡ್ಲಿ? ನನ್ನ ವ್ಯಾಪಾರ ನಡಿಯೋದಽ ಸಿಟ್ಟಿನ ಮ್ಯಾಲೆ.

ನಾಗಲಿಂಗಮ್ಮ: ಗೊತ್ತಿತ್ತು. ಅದಕ್ಕ ನಾನಽ ನುಂಗಿದೆ.

ಗುರುಸಂಗಪ್ಪ: ಲೇ! ನನ್ನ ಬ್ಯಾನಿಗೆ ನೀನು ನುಂಗಿದ್ರ?

ನಾಗಲಿಂಗಮ್ಮ: ಡಾಕ್ಟರಮ್ಮ ಏನಂದ್ರು? ಚಿಂತಿ ಹತ್ತಿದ್ರ ಮೈಯಾಗ ಕಾರ್ಟಿಸಾಲ್ ಅನ್ನೋ ರಸ ಏರತೈತಿ. ಅದು ಇಳೀಲಿಲ್ಲಂದ್ರ ಮನಸ್ಸು ತಣ್ಣಗ ಮಾಡೋ ಸೆರೊಟೋನಿನ್ ಎಷ್ಟು ಕರದ್ರೂ ಮೆದುಳಿನ ಜೀವಕೋಶಕ್ಕ ಕೇಳಂಗಿಲ್ಲ ಅಂತ.

ಗುರುಸಂಗಪ್ಪ: ಹೌದು, ಕೇಳದಂಗ ಆಗಿದ್ದು ನನ್ನ ತಲ್ಯಾಗ!

ನಾಗಲಿಂಗಮ್ಮ: ಚಿಂತಿ ಯಾರಿಂದ ಅಂತ ಅವರು ಕೇಳಿದ್ರ ನನ್ನ ಕಡಿ ಬೆರಳು ಮಾಡಿದೋರು ಯಾರು? ಬ್ಯಾನಿ ಬೇರು ನಾನಽ ಆದ್ರ ಔಷಧ ಬೇರಿಗೆ ಹಾಕಬೇಕಲ್ರಿ?

ಗುರುಸಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹದಿನೈದು ದಿನದಿಂದ ಆಕೆ ಸೋರುವ ನಲ್ಲಿಯ ಮಾತೆತ್ತಿಲ್ಲ, ಅವನ ತಮ್ಮನ ಸುದ್ದಿಯನ್ನೂ ತೆಗೆದಿಲ್ಲ. ಅವನಿಗೂ ಗೊರಕೆ ಹೊಡೆಯುವಂಥ ನಿದ್ದೆ. ನಿಜ ಹೇಳಿದರೆ ಆಕೆಯ ಗುಳಿಗೆ ನಿಲ್ಲುತ್ತದೆ, ಹೇಳದಿದ್ದರೆ ಡಾಕ್ಟರಿಗೆ ಸುಳ್ಳು ಹೇಳಿದಂತಾಗುತ್ತದೆ. ಅಷ್ಟರಲ್ಲಿ ಒಳಗೆ ಕರೆದರು.

ಅರ್ಚನಾ: ನಿದ್ದೆ ಬರ್ತಿದೆಯಾ?

ಗುರುಸಂಗಪ್ಪ: ಗಡದ್ದಾಗಿ ಬರ್ತೈತ್ರಿ.

ಅರ್ಚನಾ: ನೋಡಿ, ಗುಳಿಗೆ ಕೆಲಸ ಮಾಡಿದೆ.

ಗುರುಸಂಗಪ್ಪ: ಮಾಡೈತ್ರಿ ಮೇಡಂ. ಆದ್ರ... ನುಂಗಿದಾಕಿ ಈಕಿ.

ಡಾಕ್ಟರರ ಪೆನ್ನು ನಿಂತಿತು.

ಅರ್ಚನಾ: ಒಬ್ಬರಿಗೆ ಬರೆದಿದ್ದನ್ನ ಇನ್ನೊಬ್ಬರು ನುಂಗೋದಾ! ಏನಾದ್ರೂ ಆಗಿದ್ರೆ? ಈಗ ಹೇಗಿದ್ದೀರಮ್ಮಾ?

ನಾಗಲಿಂಗಮ್ಮ: ಆರಾಮ್ರಿ. ಇವರು ಎಷ್ಟು ಒದರಿದ್ರೂ ಚುರ್ ಅನ್ನಂಗಿಲ್ಲ. ಮೂರು ವರ್ಷ ಆಗಿತ್ರಿ ನಾನು ಸರಿಯಾಗಿ ಮಲಗಿ. ಈಗ ಮಲಗ್ತೀನಿ.

ಗುರುಸಂಗಪ್ಪ ಹೆಂಡತಿಯ ಮುಖ ನೋಡಿದ. ಮೂರು ವರ್ಷ ಪಕ್ಕದಲ್ಲೇ ಮಲಗಿದ್ದರೂ ಇದು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಗುರುಸಂಗಪ್ಪ: ಮೊದಲು ಈಕಿನ್ನ ನೋಡ್ರಿ ಮೇಡಂ. ನಂದು ಆಮ್ಯಾಲೆ.

ಅರ್ಚನಾ: ನೋಡ್ತೀನಿ. ನೋಡಿದ ಮೇಲೆ ಬೇಕಾದ್ರೆ ಅವರ ಹೆಸರಲ್ಲೇ ಚೀಟಿ ಬರೀತೀನಿ.

ನಾಗಲಿಂಗಮ್ಮ: ಬ್ಯಾಡ್ರಿ! ಚೀಟಿ ಇವರ ಹೆಸರ್ಲೇನಽ ಇರ್ಲಿ. ನನ್ನ ಹೆಸರು ಕಂಡ್ರ ಓಣ್ಯಾಗ ತಲಿ ಕೆಟ್ಟೈತಿ ಅಂತಾರ. ಇವರಿಗಾದ್ರ ಮೊದಲಿಂದಾನೂ ಅಂತಾರ.