ಗುಡ್ಡಕ್ಕೆ ಬೇಲಿ, ಆಡಿಗೆ ದಾರಿ

ಗುಡ್ಡ ಕಾಯುವ ನೌಕರಿಗೆ ಸೇರಿದಂದಿನಿಂದ ಆಡು-ಕುರಿಗಳು ನನ್ನನ್ನು ಪೇಚಿಗೆ ಸಿಕ್ಕಿಸದ ವಾರವೇ ಇಲ್ಲ. ಮುನವಳ್ಳಿ ಆಚೆಯ ನಮ್ಮ ಗುಡ್ಡದಲ್ಲಿ ಬಂಡೆಯ ಮೇಲೆ ಗೇಣು ಮಣ್ಣು, ಅಷ್ಟೇ. ಹುಲ್ಲು ಹೋದರೆ ಮಳೆಗೆ ಅದೂ ಕೊಚ್ಚಿ ಹೋಗುತ್ತದೆ. ಅದಕ್ಕೇ ಒಂದು ಇಳಿಜಾರಿಗೆ ತಂತಿಬೇಲಿ ಹಾಕಿ ಕಮರ ಎಂಬ ಕಾಡುಮರದ ಸಸಿ ನೆಟ್ಟಿದ್ದೆವು. ಅವನ್ನು ಉಳಿಸುವುದು ನನ್ನ ಪಾಲಿಗೆ ಬಂದಿತ್ತು.

ಎಣಿಕೆ

ಸುತ್ತ ಎಷ್ಟು ಕುರಿ ಮೇಯುತ್ತವೆ ಎಂದು ಬರೆದುಕೊಳ್ಳಲು ಹೊರಟೆ. ಬೇಲಿಯ ಪಕ್ಕದಲ್ಲೇ ಒಬ್ಬ ಮುದುಕ ಕುರಿಗಾರ ಕಂಬಳಿ ಹೊದ್ದು ಕುಳಿತಿದ್ದ.

"ಎಷ್ಟ ಅದಾವ ಅಜ್ಜಾರ?"

"ಕುರಿ ಎಣಸಬಾರದ್ರಿ. ದೃಷ್ಟಿ ಆಕ್ಕೈತಿ."

"ಮತ್ತ ಒಂದು ಕಳದ್ರ ಹೆಂಗ ಗೊತ್ತಾಕ್ಕೈತಿ?"

"ಮಕ್ಕಳನ್ನ ಎಣಿಸಿ ಊಟಕ್ಕ ಕರೀತೀರೇನ್ರಿ? ಮಾರಿ ನೋಡಿದ್ರ ಯಾವುದು ಇಲ್ಲ ಅಂತ ತಿಳೀತೈತಿ."

ಪರೀಕ್ಷೆ ಮಾಡೋಣ ಅನ್ನಿಸಿತು. "ಈಗ ಯಾವುದಾರ ಇಲ್ಲೇನು?"

ಅಜ್ಜ ಹಿಂಡಿನ ಮೇಲೆ ಕಣ್ಣಾಡಿಸಿದ. "ಕಿವಿ ಹರಿದ ಕರೇದು ಇಲ್ರಿ. ನಿಮ್ಮ ಬೆನ್ನ ಹಿಂದ, ಬೇಲಿ ಒಳಗ ಐತಿ."

ಬಣ್ಣ

ಸವದತ್ತಿ ಕಡೆ ಕೇಳಿದರೆ ಬೇಲಿ ನುಗ್ಗುವುದು ರಾಮದುರ್ಗ ಕಡೆಯ ಆಡು. ಅಲ್ಲಿ ಕೇಳಿದರೆ ಇವರವು. ಜಗಳವೇ ಬೇಡವೆಂದು ಎರಡೂ ಕಡೆ ಬಣ್ಣದ ಡಬ್ಬಿ ಕೊಟ್ಟೆ. ಇವರ ಆಡಿನ ಕೋಡಿಗೆ ಕೆಂಪು, ಅವರದಕ್ಕೆ ಹಸಿರು. ಎಲ್ಲರೂ ಹುರುಪಿನಿಂದ ಹಚ್ಚಿದರು. ಮರುವಾರ ಬೇಲಿಯೊಳಗೆ ನಾಲ್ಕೈದು ಆಡು ಸಿಕ್ಕವು, ಒಂದರ ಕೋಡಿಗೂ ಬಣ್ಣವಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯನ್ನು ಕೇಳಿದೆ, "ಇವು ಯಾರವಬೇ?"

ಆಕೆ ಒಂದೊಂದನ್ನೇ ನಿಧಾನವಾಗಿ ನೋಡಿದಳು. "ಬೈಲಹೊಂಗಲದವು ಇರಬೇಕಪಾ. ಮುಂಜಾನಿ ಬಸ್ಸಿಗೆ ಬಂದಾವು."

ಕೀಲಿ

ಸಸಿ ನೋಡಲು ಮೇಲಿನ ಸಾಹೇಬರು ಬರುವವರಿದ್ದರು. ಚೆನ್ನಾಗಿದ್ದರೆ ಉಳಿದ ಗುಡ್ಡಕ್ಕೂ ಬೇಲಿ, ಇಲ್ಲದಿದ್ದರೆ ಇದ್ದ ಬೇಲಿಯನ್ನೂ ಕಿತ್ತು ಬೇರೆ ಕಡೆ ಒಯ್ಯುವುದು ಎಂದು ಹೇಳಿ ಕಳಿಸಿದ್ದರು. ನನಗೆ ವಾರದಿಂದ ಊಟ ಸೇರಿರಲಿಲ್ಲ. ಬೇಲಿಯ ಕಿಂಡಿಗಳನ್ನೆಲ್ಲ ಮುಳ್ಳುಕಂಟಿ ಬಡಿದು ಮುಚ್ಚಿಸಿದೆ. ಆ ದಿನ ಮುಂಜಾನೆ ನನ್ನ ಜೊತೆಯ ಕಾವಲುಗಾರನಿಗೆ ಹೇಳಿದೆ, "ಗುಡ್ಡದ ಮ್ಯಾಲ ಯಾವ ಆಡು ಕಂಡ್ರೂ ಹಿಡದು ಕೂಡಿ ಹಾಕ್ರಿ. ಸಾಹೇಬ್ರು ಹೋಗೂತನಕ ಬಿಡಬ್ಯಾಡ್ರಿ." ಆತ ನನಗಿಂತ ಹಿರಿಯ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ನಾನು ನಿಶ್ಚಿಂತೆಯಿಂದ ಸಾಹೇಬರನ್ನು ಕರೆತರಲು ಮುನವಳ್ಳಿಗೆ ಹೋದೆ.

ಮಧ್ಯಾಹ್ನ ನಮ್ಮ ಜೀಪು ಗುಡ್ಡದ ಬುಡಕ್ಕೆ ಬಂತು. ಆತ ಬೆವರು ಒರೆಸಿಕೊಳ್ಳುತ್ತ ಬಂದು ಸೆಲ್ಯೂಟ್ ಹೊಡೆದ. "ಒಂದೂ ತಪ್ಪಿಸಿಕೊಂಡಿಲ್ರಿ. ಎಲ್ಲಾನೂ ಕೂಡಿ ಹಾಕಿ ಕೀಲಿ ಜಡದೇನಿ."

ನಿಜಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಆಡೂ ಇರಲಿಲ್ಲ. ಸಾಹೇಬರ ಮುಖ ಅರಳಿತು. ನನಗೆ ಮಾತ್ರ ಒಂದು ಪ್ರಶ್ನೆ. ತುಡುಗು ದನ ಕೂಡಿ ಹಾಕುವ ಊರ ದೊಡ್ಡಿಯ ಗೋಡೆ ಬಿದ್ದು ಎಷ್ಟೋ ಕಾಲವಾಗಿತ್ತು.

"ಎಲ್ಲಿ ಕೂಡಿ ಹಾಕೀರಿ?"

ಆತ ಸಸಿಗಳ ಬೇಲಿಯ ಗೇಟಿನ ಕೀಲಿಕೈಯನ್ನು ಹೆಮ್ಮೆಯಿಂದ ನನ್ನ ಕೈಗಿಟ್ಟ. "ಆಡು ಹೊರಗ ಬರದಂಥಾ ಗಟ್ಟಿ ಜಾಗಾ ಈ ಸುತ್ತಿನಾಗ ಅದೊಂದ ಐತೆಲ್ರಿ."