ತಾಮ್ರದಂಗಡಿಯ ಮಾವನಿಗೆ ತಾಮ್ರದ ಕೊರತೆ

ನಲವತ್ತು ವರ್ಷ ತಾಮ್ರದ ಪಾತ್ರೆ ಮಾರಿದ ಮನುಷ್ಯನ ಮೈಯಲ್ಲೇ ತಾಮ್ರ ಖಾಲಿಯಾಯಿತು ಎಂದರೆ ನಂಬುತ್ತೀರಾ? ಡಾಕ್ಟರು ಹೇಳಿದಾಗ ನಾನೂ ನಂಬಲಿಲ್ಲ! ಆ ಮಹಾನುಭಾವ ನನ್ನ ಸೋದರಮಾವ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಅಂಗಡಿ ಅದೇ ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ.

ಮಾವ ಪಾತ್ರೆಯನ್ನು ನೋಡಿ ಪರೀಕ್ಷೆ ಮಾಡುವವರಲ್ಲ, ಬೆರಳಗಂಟಿನಿಂದ ಬಡಿದು ಕಿವಿಗೊಡುವವರು. ಟಣ್ ಎನ್ನುವಷ್ಟರಲ್ಲಿ ತೀರ್ಪು ಬಂದಿರುತ್ತದೆ. ನನ್ನ ಮದುವೆಯಲ್ಲಿ ಬೀಗರು ತಂದ ಕೊಡವನ್ನು ಮಂಟಪದಲ್ಲೇ ಬಡಿದು, ಅವರೆದುರಿಗೇ "ಇದ್ರಾಗ ಬೆರಕಿ ಅದ" ಎಂದುಬಿಟ್ಟರು! ಆ ಕೊಡ ಇವತ್ತಿಗೂ ಅಟ್ಟದ ಮೇಲೇ ಇದೆ.

ಇಂಥವರು ಎರಡು ವರ್ಷದ ಹಿಂದೆ ಒಂದು ಕೆಟ್ಟ ಜ್ವರದಿಂದ ಎದ್ದ ಮೇಲೆ ಝಿಂಕ್ ಗುಳಿಗೆ ಹಿಡಿದರು. ಯಾವ ಡಾಕ್ಟರ ಚೀಟಿಯೂ ಇಲ್ಲ. ಮೊದಲು ದಿನಕ್ಕೊಂದು, ಆಮೇಲೆ ಊಟಕ್ಕೊಂದು!

"ಯಾಕ್ರಿ ಮಾಮಾ ಇಷ್ಟು?"

"ಶಕ್ತಿಗಿ."

"ಡಾಕ್ಟರಿಗಿ ಕೇಳೀರೇನು?"

"ಏ ಹುಚ್ಚಿ, ಝಿಂಕ್ ಅಂದ್ರ ಸತು. ತಾಮ್ರಕ್ಕ ಸತು ಕೂಡಿದ್ರ ಹಿತ್ತಾಳಿ ಆಗ್ತದ. ಮೈಯಾಗ ಏನು ಜಗಳಾಡ್ತಾವ?"



ನಾನು ಇರುವುದು ಕಮಲಾಪುರದಲ್ಲಿ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಾವ ಬಂದರು. ಅವರ ಹೆಂಡತಿ, ನನ್ನ ಅತ್ತೆ, ಕೆಲಸಕ್ಕೆಂದು ಎರಡು ದಿನ ಮೊದಲೇ ಬಂದಿದ್ದರು. ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು ಬಾಗಿಲಲ್ಲಿ ನಿಂತ ಮಾವನ ಎಡಗಾಲಲ್ಲಿ ಚಪ್ಪಲಿ, ಬಲಗಾಲು ಬರಿಗಾಲು!

"ಮಾಮಾ, ಇನ್ನೊಂದು ಚಪ್ಪಲಿ ಎಲ್ಲದರಿ?"

ಅವರು ಬಗ್ಗಿ ನೋಡಿಕೊಂಡರು. "ಅಯ್ಯ! ಎಲ್ಲಿ ಹೋಯ್ತದು?"

ಬಿದ್ದು ಬಿದ್ದು ನಕ್ಕೆವು. ಅಂಗಾಲು ನೋಡಿದ ಮೇಲೆ ನಗು ನಿಂತಿತು. ಕಾದ ಡಾಂಬರಿನ ಮೇಲೆ ನಡೆದು ಬೊಬ್ಬೆ ಎದ್ದಿದ್ದವು, ಅವರಿಗೆ ಗೊತ್ತೇ ಆಗಿರಲಿಲ್ಲ! "ಏನೂ ಆಗಿಲ್ಲ ಬಿಡ್ರಿ" ಎಂದು ದೇವರ ಮುಂದೆ ನಿಂತು, ಕಣ್ಣು ಮುಚ್ಚಿ ಕೈಮುಗಿದರು ನೋಡಿ, ನಿಂತವರು ನಿಂತ ಹಾಗೇ ಹಿಂದಕ್ಕೆ ಬಿದ್ದರು. ಎತ್ತಿ ಕೂರಿಸಿ, ಅವತ್ತೇ ಕರೆದುಕೊಂಡು ಹೊರಟೆವು.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ನರ ಪರೀಕ್ಷಿಸುವ ಉಕ್ಕಿನ ಸಣ್ಣ ಕವೆಯೊಂದನ್ನು ಬಡಿದು, ಅದು ಗುಂಯ್ ಎನ್ನುತ್ತಿರುವಾಗಲೇ ಮಾವನ ಪಾದದ ಎಲುಬಿಗೆ ಹಿಡಿದರು.

"ನಡುಗೋದು ಗೊತ್ತಾಗ್ಲಾಕತ್ತದೇನ್ರಿ?"

"ನಾದ ಕೇಳಸ್ತದ್ರಿ. ಚಲೋ ಉಕ್ಕದ," ಎಂದರು ಮಾವ. ಆಮೇಲೆ ಮುಖ ಬಿಳಿಚಿತು. "ಕಾಲಿಗಿ ಮಾತ್ರ ಏನೂ ಗೊತ್ತಾಗವಲ್ದು."

ರಕ್ತದ ರಿಪೋರ್ಟ್ ಬಂದ ದಿನ ಡಾಕ್ಟರು ಗುಳಿಗೆಯ ಡಬ್ಬಿಯನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡೇ ಮಾತಾಡಿದರು. "ಝಿಂಕ್ ಅತಿ ಆದ್ರ ಊಟದಾಗಿನ ತಾಮ್ರ ರಕ್ತಕ್ಕ ಸೇರಂಗಿಲ್ರಿ. ತಾಮ್ರ ಕಮ್ಮಿ ಆದ್ರ ರಕ್ತ, ನರ ಎರಡೂ ಕೆಡ್ತಾವ. ಕಾಲಿಗಿ ನೆಲ ಗೊತ್ತಾಗಲಾರದ್ದಕ್ಕೇ ಕಣ್ಣು ಮುಚ್ಚಿದ ಕೂಡ್ಲೇ ಬಿದ್ರಿ. ಇದನ್ನ ಬಿಟ್ಟು ತಾಮ್ರ ಕೊಟ್ರ ರಕ್ತ ಸುಧಾರಿಸ್ತದ. ಕಾಲು ಎಷ್ಟು ಬರ್ತದೋ ಈಗ ಹೇಳಾಕ ಆಗಂಗಿಲ್ಲ."

"ಅಂದ್ರ ಹಿತ್ತಾಳಿ ಆಗಂಗಿಲ್ಲೇನ್ರಿ?"

ಡಾಕ್ಟರು ನಗಲಿಲ್ಲ. "ಇಷ್ಟು ಯಾಕ ನುಂಗಿದ್ರಿ?"

ಅತ್ತೆ ನೀರು ತರಲು ಹೋಗಿದ್ದರು. ಮಾವ ದನಿ ತಗ್ಗಿಸಿದರು. "ಆ ಜ್ವರ ಬಂದಾಗಿಂದ ಬಾಯಿಗಿ ರುಚಿನೇ ಇಲ್ರಿ. ಝಿಂಕ್ ತಗೊಂಡ್ರ ಬರ್ತದ ಅಂತ ಯಾರೋ ಅಂದ್ರು. ಇಕಿ ಬಡಿಸಿ, ಹ್ಯಾಂಗ ಆಗ್ಯಾದ ಅಂತ ನನ್ನ ಮಾರಿನೇ ನೋಡ್ಕೋತ ಕೂಡ್ತಾಳ. ಏನಂತ ಹೇಳ್ಲಿ?"

"ನನಗ ಗೊತ್ತಿತ್ತು."

ಬಾಟಲಿ ಹಿಡಿದು ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಒಂದಿನ ಬ್ಯಾಳಿಗಿ ಉಪ್ಪು ಹಾಕೋದೇ ಮರ್ತಿದ್ದೆ. ಭಾಳ ಚಲೋ ಆಗ್ಯಾದ ಅಂತ ಎರಡು ಸಲ ಹಾಕ್ಕೊಂಡ್ರಿ. ಅವತ್ತೇ ಕೇಳೋದು ಬಿಡಬೇಕಿತ್ತು. ನಿಮ್ಮ ಬಾಯಿಂದ ಆ ಮಾತು ಕೇಳೋ ಆಸಿ, ಬಿಡಾಕ ಆಗ್ಲಿಲ್ಲ."

ಅತ್ತೆ ನೆಲಕ್ಕೆ ಕೂತು, ಪಟ್ಟಿ ಕಟ್ಟಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಮೆಲ್ಲಗೆ ಒತ್ತಿದರು.

"ಗೊತ್ತಾಗ್ತದೇನ್ರಿ?"

ಮಾವ ಅವರ ಮುಖವನ್ನೇ ನೋಡುತ್ತಿದ್ದರು.

"ಹೂಂ. ಭಾಳ ಚಲೋ ಗೊತ್ತಾಗ್ತದ."