ಮಾವನವರ ಹಿತ್ತಾಳೆ ರೇಜರು

ಗಡ್ಡ ಬೆಳೆಯುವುದಕ್ಕೆ ಯಾರ ಸಹಾಯವೂ ಬೇಡ, ತೆಗೆಯುವುದಕ್ಕೆ ಮಾತ್ರ ವಿದ್ಯೆ ಬೇಕು. ಆ ವಿದ್ಯೆ ನನಗೆ ಮೂವತ್ತು ತುಂಬುವವರೆಗೂ ಇರಲಿಲ್ಲವೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜಂಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ವಾರಕ್ಕೆರಡು ಸಲ ಬಸ್‌ಸ್ಟ್ಯಾಂಡಿನ ಪಕ್ಕದ ಕ್ಷೌರದಂಗಡಿಯಲ್ಲಿ ಕತ್ತು ಹಿಂದಕ್ಕೆ ವಾಲಿಸಿ ಕೂತರೆ, ಏಳುವ ಹೊತ್ತಿಗೆ ಮುಖ ನುಣ್ಣಗಾಗಿರುತ್ತಿತ್ತು. ನಡುವೆ ಏನು ನಡೆಯುತ್ತಿತ್ತೋ ನನಗೆ ಗೊತ್ತಿಲ್ಲ, ನಾನು ತೂಕಡಿಸುತ್ತಿದ್ದೆ.

ಈ ಸುಖಕ್ಕೆ ಕಲ್ಲು ಹಾಕಿದವರು ನನ್ನ ಮಾವನವರು. ಅವರು ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾಗಿ ತರೀಕೆರೆಯಲ್ಲಿ ನೆಲೆಸಿದ್ದರು. ಬೀರೂರು ಬಿಟ್ಟ ಗಾಡಿ ಶಿವನಿ ಮುಟ್ಟುವುದರೊಳಗೆ, ಗಾಡಿಯ ಬಾಲದಲ್ಲಿ ಅಲ್ಲಾಡುವ ಬ್ರೇಕ್‌ವ್ಯಾನಿನಲ್ಲಿ ನಿಂತುಕೊಂಡೇ ಒಂದು ಗೀರೂ ಇಲ್ಲದೆ ಗಡ್ಡ ಹೆರೆದುಕೊಳ್ಳುತ್ತಿದ್ದುದು ಅವರ ಇಡೀ ಸರ್ವೀಸಿನ ಹೆಮ್ಮೆ. ಮದುವೆಯಾದ ಮೊದಲ ದೀಪಾವಳಿಗೆ ಹೋದಾಗ ನನ್ನ ಕೈಗೆ ಪುಟ್ಟ ಪೊಟ್ಟಣವೊಂದನ್ನು ಕೊಟ್ಟರು. ಕೈಗಡಿಯಾರವೆಂದು ಹಿಗ್ಗಿ ಬಿಚ್ಚಿದರೆ, ಅವರೇ ಬಳಸಿದ ಹಿತ್ತಾಳೆಯ ಹಳೇ ಸೇಫ್ಟಿ ರೇಜರು! ಹಿಡಿಯ ತುದಿ ತಿರುಗಿಸಿದರೆ ಅದರ ತಲೆ ಎರಡು ರೆಕ್ಕೆಯಾಗಿ ತೆರೆದುಕೊಳ್ಳುತ್ತಿತ್ತು. ನಡುವೆ ಎರಡಂಚಿನ ಬ್ಲೇಡನ್ನು ಮಲಗಿಸಬೇಕು. "ಗಂಡಸಾದೋನು ತನ್ನ ಕತ್ತು ಇನ್ನೊಬ್ಬರ ಕೈಗೆ ಕೊಡಬಾರ್ದು ಕಣ್ರೀ. ನಾನಂತೂ ಇವತ್ತಿನವರೆಗೂ ಕೊಟ್ಟಿಲ್ಲ," ಎಂದರು. ನಾನು ಸಂತೋಷವನ್ನು ನಟಿಸಿದೆ. ಹೆಂಡತಿ ಗಿರಿಜಾ ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೇಫ್ಟಿ ಎಂಬ ಮಾತು ಬ್ಲೇಡಿನ ಕ್ಷೇಮಕ್ಕೆ ಸಂಬಂಧಿಸಿದ್ದು, ಗಲ್ಲದ ಕ್ಷೇಮಕ್ಕಲ್ಲ ಎಂದು ಮೊದಲ ದಿನವೇ ತಿಳಿಯಿತು. ಹುಲ್ಲು ಕೊಯ್ಯುವವನಂತೆ ಒತ್ತಿ ಎಳೆದೆ. ರಕ್ತ ನಿಲ್ಲಿಸಲು ಐದು ಕಡೆ ಪತ್ರಿಕೆಯ ಚೂರು ಅಂಟಿಸಿಕೊಂಡು ಶಾಲೆಗೆ ಹೋದರೆ, ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನನ್ನ ಗದ್ದದ ಹತ್ತಿರ ಬಗ್ಗಿದರು. "ಕೊಬ್ಬರಿ ಧಾರಣೆ ಏರಿದೆಯಲ್ರೀ!" ಎಂದು ಖುಷಿಪಟ್ಟರು. ಅವರಿಗೆ ತೆಂಗಿನ ತೋಟವಿತ್ತು.

ನನ್ನ ಮೇಲೆ ಕರುಣೆ ತೋರಿದವರು ನಮ್ಮ ಡ್ರಿಲ್ ಮಾಸ್ಟರು ಗೌಸ್ ಸಾಹೇಬರೊಬ್ಬರೇ. "ಏನ್ ಮೇಷ್ಟ್ರೇ, ಗಣಿತದೋರು ನೀವು, ಕೋನ ಗೊತ್ತಿಲ್ವಾ? ಮೂವತ್ತು ಡಿಗ್ರಿ ಹಿಡೀರಿ. ಒತ್ತಬೇಡಿ, ರೇಜರಿನ ತೂಕಾನೇ ಸಾಕು. ಕೂದಲು ಯಾವ ಕಡೆ ಮಲಗೈತೋ ಆ ಕಡೆಗೇ ಹೋಗಿ," ಎಂದರು. ಅಷ್ಟಕ್ಕೇ ಬಿಡದೆ, ಬ್ಲೇಡಿಲ್ಲದ ರೇಜರನ್ನು ಕೈಗೆ ಕೊಟ್ಟು ಸ್ಟಾಫ್‌ರೂಮಿನಲ್ಲಿ "ಏಕ್... ದೋ..." ಎಂದು ಒಂದು ವಾರ ಕವಾಯತು ಮಾಡಿಸಿದರು. ತ್ರಿಭುಜದ ಪಾಠವನ್ನು ಎಷ್ಟೋ ವರ್ಷ ಹೇಳಿದ್ದವನಿಗೆ, ಕೋನದಿಂದ ಪ್ರಯೋಜನವಿದೆ ಎಂದು ತಿಳಿದದ್ದು ಆಗಲೇ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮುಖ ತೊಳೆದು ಕನ್ನಡಿ ನೋಡುತ್ತೇನೆ, ಒಂದು ಹನಿ ರಕ್ತವಿಲ್ಲ! "ಗಿರಿಜಾ, ಬಾರೇ ಇಲ್ಲಿ!" ಎಂದು ಕೂಗಿದೆ. ಕತ್ತೇ ಕುಯ್ದುಕೊಂಡೆನೆಂದು ಅವಳು ಸೌಟು ಹಿಡಿದೇ ಓಡಿಬಂದಳು.

ಮರುವರ್ಷ ನಾದಿನಿಯ ನಿಶ್ಚಿತಾರ್ಥ ಗೊತ್ತಾಯಿತು. ಗಂಡಿನ ಕಡೆಯವರು ಕಡೂರಿನಿಂದ ಹತ್ತು ಗಂಟೆಯ ಬಸ್ಸಿಗೆ ಬರುವವರಿದ್ದರು. ನಾವು ಹಿಂದಿನ ದಿನವೇ ತರೀಕೆರೆ ಸೇರಿದ್ದೆವು. ಬೆಳಿಗ್ಗೆ ಎಂಟಾದರೂ ಮಾವನವರು ಒಳಕೋಣೆ ಬಿಟ್ಟು ಬರಲಿಲ್ಲ. ಮುಖದ ತುಂಬ ಹದಿನೈದು ದಿನದ ಬಿಳಿ ಗಡ್ಡ. ಕೇಳಿದವರಿಗೆಲ್ಲ ವ್ರತ ಎನ್ನುತ್ತಿದ್ದರು. ಗಿರಿಜಾ ಹೋಗಿ ಮಾತಾಡಿಸಿ, ಕಣ್ಣೊರೆಸಿಕೊಳ್ಳುತ್ತ ಬಂದಳು. "ವ್ರತ ಅಲ್ಲ ಕಣ್ರೀ. ಅಪ್ಪನಿಗೆ ಕೈ ನಡುಗ್ತಿದೆ. ಯಾರಿಗೂ ಹೇಳಿಲ್ಲ. ಕ್ಷೌರದಂಗಡಿಗೆ ಹೋಗಲ್ವಂತೆ, ಈ ಮುಖ ಹೊತ್ಕೊಂಡು ಬೀಗರ ಮುಂದೂ ಬರಲ್ವಂತೆ." ಹುಡುಗಿಯ ತಂದೆಯೇ ಬಾಗಿಲಿಗೆ ಬರದಿದ್ದರೆ ಕಡೂರಿನವರು ಏನೆಂದುಕೊಂಡಾರು?

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ನನ್ನ ಚೀಲದಲ್ಲಿದ್ದ ರೇಜರಿಗೆ ಹೊಸ ಬ್ಲೇಡು ಹಾಕಿ, ಬಿಸಿನೀರಿನ ಚೆಂಬು ಹಿಡಿದು ಒಳಗೆ ಹೋದೆ. "ನಾನು ಮಾಡ್ತೀನಿ ಮಾವ." ಅವರು ನನ್ನ ಗಲ್ಲದ ಹಳೇ ಗೀರುಗಳನ್ನು ಒಂದೊಂದಾಗಿ ನೋಡಿದರು. "ನೀವಾ?" "ಒಂದು ಗೀರು ಬಿದ್ರೂ ಅಲ್ಲಿಗೇ ನಿಲ್ಲಿಸ್ತೀನಿ." ಆಮೇಲೆ ನಿಧಾನವಾಗಿ ಕತ್ತನ್ನು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದರು.

ನೊರೆ ಹಚ್ಚಿದೆ. ಸಡಿಲ ಚರ್ಮವನ್ನು ಎರಡು ಬೆರಳಿನಿಂದ ಬಿಗಿಹಿಡಿದು ಮೂವತ್ತು ಡಿಗ್ರಿಯಲ್ಲಿ ರೇಜರು ಇಳಿಸಿದೆ. ಪರೀಕ್ಷೆ ಬರೆಯುವಾಗಲೂ ನಾನು ಅಷ್ಟು ಉಸಿರು ಬಿಗಿಹಿಡಿದವನಲ್ಲ. ಮಾವನವರ ಕೈಗಳು ತೊಡೆಯ ಮೇಲೆ ನಡುಗುತ್ತಲೇ ಇದ್ದವು, ಗಲ್ಲ ಮಾತ್ರ ಕಲ್ಲಿನಂತಿತ್ತು. ಗದ್ದದ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೇ "ಕರ್ವ್ ಬಂತು, ನಿಧಾನ," ಎಂದರು. ರೇಜರು ಗಂಟಲಿನ ಗಂಟಿನ ಕೆಳಗಿಳಿದಾಗ ನನಗೂ ಬೆವರಿತು, ಅವರಿಗೂ ಬೆವರಿತು. ಕೊನೆಗೆ ಬಿಸಿ ಟವೆಲ್ಲಿನಿಂದ ಒರೆಸಿದೆ. ಟವೆಲ್ಲು ಬೆಳ್ಳಗೇ ಇತ್ತು. ಮಾವನವರು ಎರಡೂ ಗಲ್ಲ ಸವರಿಕೊಂಡು, ಕಣ್ಣು ತೆರೆದು, "ಲೈನ್ ಕ್ಲಿಯರ್!" ಎಂದರು. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಕ್ಕಿಲ್ಲ.

ಹತ್ತೂಕಾಲಿಗೆ ಕೋಟು ತೊಟ್ಟು ಅವರೇ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಂಡರು. "ಏನ್ ಯಜಮಾನ್ರೇ, ನೀವೇ ಮದುಮಗನ ಥರ ಕಾಣ್ತೀರಲ್ಲ!" ಎಂದರು ಕಡೂರಿನವರು. ನಾನು ಎದೆಯುಬ್ಬಿಸಿ ಊಟದ ಪಂಕ್ತಿಯಲ್ಲೆಲ್ಲ ಮೂವತ್ತು ಡಿಗ್ರಿಯ ಮಹಿಮೆಯನ್ನು ವಿವರಿಸುತ್ತ ಓಡಾಡಿದೆ. ಕೇಳಿದವರು ನನ್ನ ಮುಖವನ್ನು ಯಾಕೆ ಅಷ್ಟು ಅನುಮಾನದಿಂದ ನೋಡುತ್ತಿದ್ದರು ಎಂಬುದು ವಾರದ ನಂತರ ಫೋಟೋ ಬಂದಾಗ ಗೊತ್ತಾಯಿತು. ನಡುವೆ ಮಾವನವರು ಬೆಳಗಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದಾರೆ. ಪಕ್ಕದಲ್ಲಿ ಮೂರು ದಿನದ ಗಡ್ಡ ಬಿಟ್ಟುಕೊಂಡು, ಆಗತಾನೇ ಆಸ್ಪತ್ರೆಯಿಂದ ಎದ್ದುಬಂದವನಂತೆ ನಾನು! ಆ ಗಡಿಬಿಡಿಯಲ್ಲಿ ನನಗೂ ಒಂದು ಮುಖವಿದೆಯೆಂಬುದೇ ಮರೆತುಹೋಗಿತ್ತು. "ಪಾಪ, ಇವರ್ಯಾರಮ್ಮಾ? ಹುಷಾರಿಲ್ವಾ?" ಎಂದು ಕಡೂರಿನ ಬೀಗಿತಿ ಫೋಟೋ ತೋರಿಸಿ ಕೇಳಿದರಂತೆ. "ಅಜ್ಜಂಪುರದಲ್ಲಿ ಗಣಿತದ ಮೇಷ್ಟ್ರು," ಎಂದಷ್ಟೇ ಹೇಳಿ ಗಿರಿಜಾ ಆಲ್ಬಮ್ಮಿನ ಪುಟ ತಿರುವಿಹಾಕಿದಳಂತೆ.